ಓರಗಿತ್ತಿಯರ ಓಟ

ಓಡುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತಕರಾರಿತ್ತು. ಅವರು ಓಡಲಿ, ಬೇಕಾದಷ್ಟು ಓಡಲಿ, ರಸ್ತೆ ಇರುವುದೇ ಅದಕ್ಕೆ. ಆದರೆ ಓಡಿ ಮುಗಿಸಿದ ಮೇಲೆ ಅವರು ಆಡುವ ಮಾತಿದೆಯಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟ. ಕಾಶಿಗೆ ಹೋಗಿ ಬಂದವರು, ಆಪರೇಷನ್ ಮಾಡಿಸಿಕೊಂಡು ಬಂದವರು, ಓಡಿ ಬಂದವರು, ಈ ಮೂವರ ಕೈಗೆ ಸಿಕ್ಕಿಬಿದ್ದರೆ ಆ ಹೊತ್ತಿನ ಕೆಲಸ ಕೆಟ್ಟಿತೆಂದೇ ಲೆಕ್ಕ. ಯಾವ ಏರಿನಲ್ಲಿ ಉಸಿರು ಕಟ್ಟಿತು, ಯಾವ ತಿರುವಿನಲ್ಲಿ ಮಂಡಿ ಹಿಡಿಯಿತು, ಹಿಂದಿನ ರಾತ್ರಿ ಏನು ತಿಂದಿದ್ದರು, ಅದು ಬೆಳಿಗ್ಗೆ ಏನು ಮಾಡಿತು, ಎಲ್ಲವನ್ನೂ ಕೇಳಬೇಕು. ಕಪ್ಪಗಾದ ಕಾಲ್ಬೆರಳಿನ ಉಗುರನ್ನು ತೋರಿಸುವವರೂ ಉಂಟು. ಅದೂ ನಾವು ಇಡ್ಲಿ ತಿನ್ನುತ್ತಿರುವಾಗ.

ಹೀಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನಾನು ಐವತ್ತು ದಾಟಿದ ಮೇಲೆ ಅದೇ ಸಾಲಿಗೆ ಸೇರಿಕೊಂಡೆ. ನನ್ನನ್ನು ಅಲ್ಲಿ ತಂದು ನಿಲ್ಲಿಸಿದವರು ಇಬ್ಬರು. ಒಬ್ಬರು ನನ್ನ ರಕ್ತದಲ್ಲಿ ಸಕ್ಕರೆ ಕಂಡುಹಿಡಿದ ಡಾಕ್ಟರು. ಇನ್ನೊಬ್ಬರು ಇಮ್ತಿಯಾಜ್ ಭಾಯ್. ನಾನು ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವನು. ಇಮ್ತಿಯಾಜ್ ಭಾಯ್ ನಮ್ಮ ಹಿಂದಿನ ಬೀದಿಯವರು, ತಂದೆಯ ಕಾಲದಿಂದಲೂ ರೇಷ್ಮೆ ನೂಲು ತೆಗೆಸುವ ಕಸುಬು. ವಯಸ್ಸಿನಲ್ಲಿ ನನಗಿಂತ ಹಿರಿಯರು, ತೂಕದಲ್ಲಿ ನನ್ನ ಅರ್ಧ. ಬೆಳಿಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ಮುಂಚೆ ಊರ ಹೊರಗೆ ಒಂದು ಸುತ್ತು ಓಡಿ ಬರುವುದು ಅವರ ಅಭ್ಯಾಸ. ನನ್ನ ಹೊಟ್ಟೆಯನ್ನೂ ಡಾಕ್ಟರ ಚೀಟಿಯನ್ನೂ ಒಟ್ಟಿಗೆ ನೋಡಿ ಅವರು ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಗೂಡು ಬಿಸಿನೀರಲ್ಲಿ ಬೆಂದ ಮೇಲೇನೆ ಎಳೆ ಬಿಡೋದು. ನೀವೂ ಸ್ವಲ್ಪ ಬೇಯ್ರಿ."

ಹಾಗೆ ಬೇಯಲು ಹೊರಟವನು ಮೊದಲು ಬಸ್ ಸ್ಟ್ಯಾಂಡಿನವರೆಗೆ ನಡೆದೆ, ಆಮೇಲೆ ಕೆರೆಯವರೆಗೆ ಓಡಿದೆ, ಕೊನೆಗೊಂದು ದಿನ ಚಿಕ್ಕಬಳ್ಳಾಪುರದಲ್ಲಿ ನಡೆಯುವ ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟುಬಿಟ್ಟೆ. ಈ 'ಅರ್ಧ' ಎನ್ನುವ ಮಾತು ನನ್ನನ್ನು ಮೋಸಗೊಳಿಸಿತು ಎನ್ನಬೇಕು. ಅರ್ಧ ಕಾಫಿ, ಅರ್ಧ ಟಿಕೆಟ್, ಅರ್ಧ ದಿನದ ರಜೆ, ನಮ್ಮ ಬದುಕಿನಲ್ಲಿ ಅರ್ಧ ಎನ್ನುವುದೆಲ್ಲ ಹಗುರವಾಗಿಯೇ ಇರುತ್ತದೆ. ಇಪ್ಪತ್ತೊಂದು ಕಿಲೋಮೀಟರನ್ನು ಅರ್ಧ ಎಂದು ಕರೆದವನಿಗೆ ಭಾಷೆಯ ಮೇಲೆ ಏನೋ ಹಳೆಯ ದ್ವೇಷ ಇದ್ದಿರಬೇಕು.

ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಂದಿರದ ಒಂದು ಭಾನುವಾರ. ಇಮ್ತಿಯಾಜ್ ಭಾಯ್ ಅವರ ವ್ಯಾನಿನಲ್ಲಿ ನಸುಕಿನಲ್ಲೇ ಹೊರಟೆವು. ಗೂಡು ಸಾಗಿಸುವ ವ್ಯಾನು ಅದು. ಎಷ್ಟು ತೊಳೆದರೂ ಹುಳದ ವಾಸನೆ ಬಿಡುವುದಿಲ್ಲ. ಓಟ ಶುರುವಾಗಬೇಕಿದ್ದದ್ದು ಬೆಳಕು ಹರಿಯುವ ಹೊತ್ತಿಗೆ. ಆದರೆ ಬಾವುಟ ಬೀಸಬೇಕಿದ್ದ ಮುಖ್ಯ ಅತಿಥಿಗಳು ಬರಲಿಲ್ಲ. ಬರುತ್ತಿದ್ದಾರೆ, ಬಂದೇಬಿಟ್ಟರು, ತಿಂಡಿ ಮಾಡುತ್ತಿದ್ದಾರೆ ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ನಾವು ಕೈಕಾಲು ಆಡಿಸಿ, ಆಡಿಸುವುದು ಮುಗಿದು, ಕೂತು, ಮತ್ತೆ ಎದ್ದು ಆಡಿಸಿದೆವು. ಅಷ್ಟರಲ್ಲಿ ಸ್ಕಂದಗಿರಿ ಬೆಟ್ಟದ ತಲೆಯ ಮೇಲಿದ್ದ ಮಂಜು ಕರಗಿ ಸೂರ್ಯ ಸರಿಯಾಗಿ ಮೇಲೆ ಬಂದಿದ್ದ.

ಹಾಗೆ ಕಾಯುತ್ತಿದ್ದಾಗಲೇ ಇಮ್ತಿಯಾಜ್ ಭಾಯ್ ನನಗೆ ಇಬ್ಬರು ಹೆಂಗಸರನ್ನು ತೋರಿಸಿದರು. ಒಬ್ಬರು ಮೈದಾನದ ಈ ತುದಿಯ ಕಂಬದ ಹತ್ತಿರ ನಿಂತಿದ್ದರು, ಇನ್ನೊಬ್ಬರು ಆ ತುದಿಯ ಕಂಬದ ಹತ್ತಿರ. ಈ ಕಡೆ ಇದ್ದವರು ಯಶೋದಮ್ಮ. ಐವತ್ತರ ಹತ್ತಿರದ ವಯಸ್ಸು, ಅಂಗನವಾಡಿ ಟೀಚರು. ಚೂಡಿದಾರದ ಮೇಲೆ ಓಟದವರು ಕೊಟ್ಟ ಟೀಶರ್ಟು, ತಲೆಗೆ ಬಿಗಿಯಾಗಿ ಕಟ್ಟಿದ ವೇಲು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಆ ಕಡೆ ಇದ್ದವಳು ಗಾಯತ್ರಿ, ಐದಾರು ವರ್ಷಕ್ಕಾದರೂ ಚಿಕ್ಕವಳು, ತೆಳ್ಳಗೆ, ನಿಂತಲ್ಲಿ ನಿಲ್ಲದವಳು. ಇಬ್ಬರೂ ಚಿಂತಾಮಣಿ ಕಡೆಯ ಕೈವಾರದ ಹತ್ತಿರದ ಒಂದೇ ಹಳ್ಳಿಯವರು. ಹಳ್ಳಿಯೇನು, ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅಣ್ಣನ ಹೆಂಡತಿ ಯಶೋದಮ್ಮ, ತಮ್ಮನ ಹೆಂಡತಿ ಗಾಯತ್ರಿ. ಎರಡೂ ಸಂಸಾರದವರು ರೇಷ್ಮೆ ಹುಳು ಸಾಕಿ ಶಿಡ್ಲಘಟ್ಟಕ್ಕೆ ಗೂಡು ತರುತ್ತಾರೆ, ಇಮ್ತಿಯಾಜ್ ಭಾಯ್ ಹಲವು ಸಲ ಕೊಂಡಿದ್ದಾರೆ. ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೆಂದರೆ ಇವರಿಬ್ಬರಿಗೂ ವರ್ಷಗಳಿಂದ ಮಾತಿಲ್ಲ.

"ಇವತ್ತು ಒಂದೇ ಬಸ್ಸಲ್ಲಿ ಬಂದವರೆ," ಎಂದರು ಇಮ್ತಿಯಾಜ್ ಭಾಯ್. "ಒಬ್ರು ಮುಂದಿನ ಬಾಗಿಲಲ್ಲಿ ಇಳಿದ್ರು, ಒಬ್ರು ಹಿಂದಿನ ಬಾಗಿಲಲ್ಲಿ."

ಮಾತು ಬಿಟ್ಟ ಕಾರಣವನ್ನೂ ಅವರೇ ಹೇಳಿದರು. ಗಾಯತ್ರಿಯ ಮಗಳ ಸೀಮಂತದ ದಿನ ಮೊದಲ ಆರತಿಗೆ ದೊಡ್ಡಮ್ಮನಾದ ಯಶೋದಮ್ಮನನ್ನು ಕರೆಯಲಿಲ್ಲವಂತೆ. ಅವರು ಎಲೆಯ ಮುಂದಿನಿಂದ ಎದ್ದು ಮನೆಗೆ ಹೋದರಂತೆ. ಅಲ್ಲಿಂದ ಮುಂದೆ ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇದರ ನಡುವೆ ಈ ಓಟ ಹೇಗೆ ಬಂತು ಎಂದು ಕೇಳಿದೆ. ಯಶೋದಮ್ಮನಿಗೆ ಬೀಪಿ ಬಂದು ಕೆರೆ ಏರಿಯ ಮೇಲೆ ನಡೆಯಲು ಶುರುಮಾಡಿದರಂತೆ. ಅದನ್ನು ನೋಡಿದ ಗಾಯತ್ರಿ ಮಾರನೆಯ ವಾರದಿಂದಲೇ ಏರಿಯ ಮೇಲೆ ಓಡಲು ಶುರುಮಾಡಿದಳಂತೆ. ಅದನ್ನು ನೋಡಿ ಯಶೋದಮ್ಮ ನಡಿಗೆ ಬಿಟ್ಟು ಓಟ ಹಿಡಿದರಂತೆ. ಒಬ್ಬರು ಪೂರ್ವದಿಂದ, ಒಬ್ಬರು ಪಶ್ಚಿಮದಿಂದ, ದಿನಾ ಏರಿಯ ನಡುವೆ ಎದುರುಬದುರು ಆಗಿ, ಒಬ್ಬರು ನೀರು ನೋಡಿಕೊಂಡು, ಇನ್ನೊಬ್ಬರು ಗದ್ದೆ ನೋಡಿಕೊಂಡು ದಾಟಿಹೋಗುವುದು. ಯಾವ ಕೋಚೂ ಇಲ್ಲದೆ ಇಬ್ಬರೂ ಅರ್ಧ ಮ್ಯಾರಥಾನ್ ಓಡುವಷ್ಟು ತಯಾರಾದದ್ದು ಹೀಗೆ.

ಇದನ್ನು ಕೇಳಿ ನಾನು ಕನ್ನಡ ಮೇಷ್ಟರ ಚಾಳಿಯಂತೆ ಶಬ್ದದ ಹಿಂದೆ ಬಿದ್ದೆ. ಅಣ್ಣತಮ್ಮಂದಿರ ಹೆಂಡತಿಯರನ್ನು ನಾವು ಓರಗಿತ್ತಿಯರು ಎನ್ನುತ್ತೇವೆ. ಓರಗೆ ಎಂದರೆ ಸಮ, ಒಂದೇ ಸಾಲಿನವರು. ಚಿಂತಾಮಣಿಯ ಕಡೆ ಮನೆಮಾತು ಬಹಳ ಜನಕ್ಕೆ ತೆಲುಗು. ಅಲ್ಲಿ ಇದೇ ಸಂಬಂಧಕ್ಕೆ ತೋಡಿಕೋಡಲು ಎನ್ನುತ್ತಾರೆ, ತೋಡು ಎಂದರೆ ಜೊತೆ. ಎರಡು ಭಾಷೆಗಳೂ ಸೇರಿ ಇಷ್ಟು ಒಳ್ಳೆಯ ಹೆಸರು ಇಟ್ಟಿರುವಾಗ ಜನ ಅದಕ್ಕೆ ತಕ್ಕ ಹಾಗೆ ಇರಬಾರದೆ ಎಂದು ಇಮ್ತಿಯಾಜ್ ಭಾಯ್ ಅವರಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅತಿಥಿಗಳು ಬಂದು ಬಾವುಟ ಬೀಸಿಬಿಟ್ಟರು. ಇಮ್ತಿಯಾಜ್ ಭಾಯ್ ನನ್ನ ವ್ಯುತ್ಪತ್ತಿಯನ್ನು ಅಲ್ಲೇ ಬಿಟ್ಟು ಹೊರಟೇಹೋದರು. ಓಟ ಮುಗಿಯುವವರೆಗೆ ಅವರ ಬೆನ್ನು ಕೂಡ ನನಗೆ ಕಾಣಲಿಲ್ಲ.

ಮೊದಲರ್ಧ ಚೆನ್ನಾಗಿಯೇ ಇತ್ತು. ಊರು ದಾಟಿದರೆ ಎರಡೂ ಕಡೆ ಬಲೆ ಹೊದ್ದ ದ್ರಾಕ್ಷಿ ತೋಟಗಳು, ಸೇವಂತಿಗೆ ಹೊಲಗಳು. ಹೂ ಬಿಡಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನಮ್ಮನ್ನು ನೋಡಿದರು. ಗೌರಿಬಿದನೂರಿನಿಂದ ಬಂದಿದ್ದ ಹುಡುಗರ ಗುಂಪೊಂದು ಒಂದೇ ಬಣ್ಣದ ಅಂಗಿ ತೊಟ್ಟು, ಹಾಡು ಹಾಕಿಕೊಂಡು ನನ್ನನ್ನು ದಾಟಿಹೋಯಿತು. ದಾಟುವಾಗ ಅವರಲ್ಲೊಬ್ಬ "ಕಮಾನ್ ಅಂಕಲ್" ಎಂದ. ಪ್ರೋತ್ಸಾಹವೇ ಇರಬೇಕು. ಬೆಟ್ಟದ ಬುಡದಲ್ಲಿ ತಿರುಗಿ ವಾಪಸು ಹೊರಟಾಗ ಬಿಸಿಲಿನ ನಿಜವಾದ ಮುಖ ಕಂಡಿತು. ರಸ್ತೆ ಅಗಲ ಮಾಡಲು ಮರಗಳನ್ನು ಕಡಿದಿದ್ದರು. ಟಾರು ಕೆಳಗಿನಿಂದ ಸುಡುತ್ತಿತ್ತು. ಬೆವರು ಬಂದು ಕಣ್ಣಿಗಿಳಿದು, ಆಮೇಲೆ ಬೆವರುವುದೂ ನಿಂತಹಾಗಾಯಿತು. ನನ್ನ ಹಿಂದೆ ಯಾರೂ ಇರಲಿಲ್ಲ. ಮುಂದೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇದ್ದವರು ಇಬ್ಬರೇ: ಯಶೋದಮ್ಮ ಮುಂದೆ, ಗಾಯತ್ರಿ ಹಿಂದೆ.

ಅವರನ್ನು ನೋಡುತ್ತ ಓಡುವುದೇ ನನಗೆ ಉಳಿದಿದ್ದ ಕೆಲಸ. ನೋಡುತ್ತ ನೋಡುತ್ತ ಒಂದು ವಿಚಿತ್ರ ಗಮನಕ್ಕೆ ಬಂತು. ಇಬ್ಬರ ನಡುವಿನ ಅಂತರ ಬದಲಾಗುತ್ತಲೇ ಇರಲಿಲ್ಲ. ಯಶೋದಮ್ಮ ನಿಧಾನ ಮಾಡಿದರೆ ಗಾಯತ್ರಿಯೂ ನಿಧಾನ. ಯಶೋದಮ್ಮ ಓಟ ಬಿಟ್ಟು ನಡೆದರೆ ಗಾಯತ್ರಿಯೂ ನಡೆಯುತ್ತಿದ್ದಳು. ಚಿಕ್ಕ ವಯಸ್ಸು, ಹಗುರ ಮೈ, ಬೇಕೆಂದರೆ ದಾಟಿಹೋಗಬಹುದಿತ್ತು. ಕೊನೆಯಲ್ಲಿ ಹಿಂದಿಕ್ಕಿ ಅವಮಾನ ಮಾಡಬೇಕೆಂದು ಶಕ್ತಿ ಉಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಮುಂದೆ ನೀರು ಕೊಡುವ ಮೇಜೊಂದಿತ್ತು. ಯಶೋದಮ್ಮ ಅಲ್ಲಿ ನಿಂತರು, ಮೇಜಿನವರು ಖಾಲಿ ಕ್ಯಾನು ತೋರಿಸಿದರು, ಅವರು ಮುಂದೆ ಹೋದರು. ಗಾಯತ್ರಿ ಬಂದಳು, ಅವಳಿಗೆ ಮೇಜಿನವರು ಏನೋ ಹುಡುಕಿ ಕೊಟ್ಟರು. ನಾನು ಹೋಗಿ ಕೇಳಿದಾಗ ಗೊತ್ತಾಯಿತು: ಓಟ ತಡವಾಗಿದ್ದಕ್ಕೆ ಜನ ಹೆಚ್ಚು ನೀರು ಕುಡಿದಿದ್ದರು, ತಂದದ್ದೆಲ್ಲ ಮುಗಿದಿತ್ತು, ರಟ್ಟಿನ ಪೆಟ್ಟಿಗೆಗಳ ಅಡಿಯಲ್ಲಿ ಸಿಕ್ಕ ಕೊನೆಯ ಬಾಟಲಿಯನ್ನು ಈಗ ತಾನೆ ಆ ಮೇಡಮ್ಮಿಗೆ ಕೊಟ್ಟರಂತೆ. ನೀರಿನ ಗಾಡಿ ಬರುತ್ತದೆ ಎಂದರು. ಬೆಳಿಗ್ಗೆಯಿಂದ 'ಬರುತ್ತಿದ್ದಾರೆ' ಎನ್ನುವುದನ್ನು ಸಾಕಷ್ಟು ಕೇಳಿದ್ದರಿಂದ ನಾನು ಕಾಯದೆ ಹೊರಟೆ.

ತಲೆಯೆತ್ತಿ ನೋಡಿದರೆ ಗಾಯತ್ರಿ ಬಾಣದ ಹಾಗೆ ಓಡುತ್ತಿದ್ದಾಳೆ. ಅಷ್ಟು ಹೊತ್ತು ಕಾಪಾಡಿಕೊಂಡಿದ್ದ ಅಂತರವನ್ನು ಒಂದೇ ಓಟದಲ್ಲಿ ನುಂಗಿ, ಯಶೋದಮ್ಮನ ಪಕ್ಕದಲ್ಲೇ, ಮುಖ ಆಚೆ ತಿರುಗಿಸಿಕೊಂಡು ದಾಟಿ ಮುಂದೆ ಹೋದಳು. ನಾನು ಅಂದುಕೊಂಡದ್ದು ಸರಿಯಾಯಿತು ಎಂದುಕೊಂಡೆ. ಆದರೆ ಸ್ವಲ್ಪ ದೂರ ಹೋಗಿ ಅವಳು ನಿಂತಳು. ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೈಯಲ್ಲಿದ್ದ ಬಾಟಲಿಯನ್ನು ಇಟ್ಟಳು. ಹಿಂತಿರುಗಿ ನೋಡದೆ ಓಡಿದಳು.

ಯಶೋದಮ್ಮ ಕಲ್ಲಿನ ಹತ್ತಿರ ಬಂದರು. ನಿಂತರು. ಬಾಟಲಿಯನ್ನು ನೋಡಿದರು. ಮುಟ್ಟದೆ ಹೊರಟುಹೋದರು.

ನಂತರ ಆ ಕಲ್ಲಿನ ಹತ್ತಿರ ಬಂದವನು ನಾನು. ಪೂರ್ತಿ ತುಂಬಿದ ಬಾಟಲಿ, ಮುಚ್ಚಳದ ಸೀಲೂ ಒಡೆದಿಲ್ಲ. ಕೊಟ್ಟವರು ಹೋದರು, ತೆಗೆದುಕೊಳ್ಳಬೇಕಾದವರು ಬೇಡವೆಂದು ಹೋದರು. ನನ್ನ ನಾಲಿಗೆ ಅಂಗುಳಿಗೆ ಅಂಟಿತ್ತು. ಕಾನೂನು ನೋಡಿದರೂ ಧರ್ಮ ನೋಡಿದರೂ ಈ ನೀರಿನ ಮೇಲೆ ನನಗಿಂತ ಹೆಚ್ಚಿನ ಹಕ್ಕು ಯಾರಿಗಿದೆ ಎಂದು ಒಂದು ನಿಮಿಷ ವಾದ ಹೂಡಿದೆ. ನಿಜವಾಗಿ ಕುಡಿದೇಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಮುಂದೆ ಯಶೋದಮ್ಮನ ಹೆಜ್ಜೆ ಅಡ್ಡಾದಿಡ್ಡಿ ಬೀಳುವುದು ಕಾಣಿಸಿತು. ರಸ್ತೆಯ ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ. ಹಾಗೇ ಹೋಗಿ ಉಳಿದಿದ್ದ ಒಂದೇ ಒಂದು ಹೊಂಗೆ ಮರದ ಕೆಳಗೆ ಕುಸಿದು ಕೂತರು.

ಓಡಿದೆ. ಆ ದಿನ ನಾನು ನಿಜವಾಗಿ ಓಡಿದ್ದು ಅಷ್ಟೇ ದೂರ. ಹತ್ತಿರ ಹೋಗಿ ನೋಡಿದರೆ ಅವರ ಮುಖ ಕೆಂಪೇರಿ ಚರ್ಮ ಒಣಗಿತ್ತು. ತಲೆಗೆ ಕಟ್ಟಿದ್ದ ವೇಲನ್ನು ಸಡಿಲ ಮಾಡಲು ಹೇಳಿದೆ. ಸಹಾಯಕ್ಕೆಂದು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಇನ್ನೊಂದು ತುದಿಯಲ್ಲಿದೆ, ಕಳಿಸುತ್ತೇವೆ ಎಂದರು. ಕಲ್ಲಿನ ಮೇಲಿನಿಂದ ಎತ್ತಿ ತಂದಿದ್ದ ಬಾಟಲಿಯನ್ನು ಅವರ ಮುಂದೆ ಹಿಡಿದೆ.

"ಅದು ನಂದಲ್ಲ," ಎಂದರು.

"ಯಾರದಾದ್ರೇನಮ್ಮ, ಕುಡೀರಿ. ಆಮೇಲೆ ಬೇಕಾದ್ರೆ ವಾಪಸ್ ಕೊಡೋಣ."

ನನ್ನ ಮಾತಿಗೆ ಅವರು ನಗಲಿಲ್ಲ. ಬಾಟಲಿಯನ್ನು ಕೈಗೆ ತೆಗೆದುಕೊಂಡು ಮುಚ್ಚಳವನ್ನೇ ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಸೀಲನ್ನು ಸವರಿದರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡರು: "ಅವಳೂ ಕುಡಿದಿಲ್ಲ."

ಮುಚ್ಚಳ ತಿರುಗಿಸಿ ಕುಡಿದರು. ಒಂದಿಷ್ಟು ನೀರನ್ನು ನೆತ್ತಿಗೆ, ಕುತ್ತಿಗೆಗೆ ಹಾಕಿಕೊಂಡರು. ಕಣ್ಣಿಗೆ ಸ್ವಲ್ಪ ಸ್ವಲ್ಪವಾಗಿ ಬೆಳಕು ಬಂತು. ಅರ್ಧ ಬಾಟಲಿ ಮುಗಿದಿರಬಹುದು, ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಿಬಿಟ್ಟರು. ಪೂರ್ತಿ ಕುಡಿಯಿರಿ, ಆಂಬುಲೆನ್ಸ್ ಬರುವವರೆಗೆ ಕೂತಿರಿ ಎಂದು ನಾನು ಬೇಡಿಕೊಂಡೆ. ಅವರು ಮರಕ್ಕೆ ಕೈ ಕೊಟ್ಟು ಎದ್ದರು. "ಅವಳಿಗೆ ಬಿಸಿಲು ಆಗಲ್ಲ ಸಾರ್. ಮದುವೆಯಾಗಿ ಬಂದಾಗಿಂದ ನೋಡಿದೀನಿ. ಬಿಸಿಲಿಗೆ ಹೋದ್ರೆ ತಲೆ ಒಡ್ಕೊಳ್ಳೋ ಹಂಗೆ ನೋವು ಬರುತ್ತೆ," ಎಂದು ಹೇಳಿ ನಡೆಯತೊಡಗಿದರು.

ಬಿದ್ದರೆ ಹಿಡಿಯುವುದಕ್ಕೆ ಇರಲಿ ಎಂದು ನಾನೂ ಹಿಂದೆ ಹೊರಟೆ. ಯಾರನ್ನು ಯಾರು ಹಿಡಿಯುತ್ತಿದ್ದರೋ ಗೊತ್ತಿಲ್ಲ. ಒಂದು ತಿರುವು ದಾಟಿದ ಮೇಲೆ ರಸ್ತೆಯ ಮೋರಿ ಕಟ್ಟೆಯ ಮೇಲೆ ಗಾಯತ್ರಿ ಕಂಡಳು. ಒಂದು ಕೈಯಲ್ಲಿ ಮೀನಖಂಡ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಹಣೆ ಹಿಡಿದು ತಲೆ ತಗ್ಗಿಸಿ ಕೂತಿದ್ದಳು. ಯಶೋದಮ್ಮ ಹೋಗಿ ಅವಳ ಮುಂದೆ ನಿಂತರು. ಬಿಸಿಲಿಗೆ ಅಡ್ಡವಾಗಿ ನಿಂತದ್ದರಿಂದ ಅವರ ನೆರಳು ಅವಳ ಮೇಲೆ ಬಿತ್ತು. ಅವಳು ತಲೆಯೆತ್ತಿದಳು. ಇವರು ಬಾಟಲಿ ಮುಂದೆ ಚಾಚಿದರು. ಅವಳು ಬೇಡವೆಂದು ತಲೆಯಾಡಿಸಿದಳು.

"ನೀನು ಕುಡಿದ್ರೆ ನಾನು ಮುಂದಕ್ಕೆ ಬರ್ತೀನಿ," ಎಂದರು ಯಶೋದಮ್ಮ. "ಇಲ್ಲಾಂದ್ರೆ ಇಲ್ಲೇ ಕೂತ್ಕೊತೀನಿ."

ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು. ಗಾಯತ್ರಿ ಬಾಟಲಿ ತೆಗೆದುಕೊಂಡಳು. ಅವಳು ಕುಡಿಯುತ್ತಿರುವಾಗ ಯಶೋದಮ್ಮ ನೆಲದ ಮೇಲೆ ಕೂತು, ಅವಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಹಿಡಿದಿದ್ದ ಸ್ನಾಯುವನ್ನು ತಿಕ್ಕಿದರು. ಅದನ್ನು ನೋಡುತ್ತ ನಿಲ್ಲುವುದು ಸರಿಯಲ್ಲವೆನಿಸಿ ನಾನು ಬಗ್ಗಿ, ಸರಿಯಾಗಿಯೇ ಕಟ್ಟಿದ್ದ ಶೂಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ. ಎರಡೂ ಕಾಲಿನದು.

ಆಂಬುಲೆನ್ಸ್ ಅಷ್ಟು ಹೊತ್ತಿಗೆ ಬಂತು. ಅದರಲ್ಲಿದ್ದ ನರ್ಸು ಇಬ್ಬರ ನಾಡಿ ನೋಡಿ, ಉಪ್ಪು ಸಕ್ಕರೆಯ ನೀರು ಕುಡಿಸಿ, ಗಾಡಿ ಹತ್ತಿ ಎಂದಳು. ಹತ್ತುವುದಿಲ್ಲ ಎಂದು ಇಬ್ಬರೂ ಒಂದೇ ಸಲಕ್ಕೆ ಹೇಳಿದರು. ಹಾಗಿದ್ದರೆ ಓಡಬಾರದು, ನಡೆದು ಬನ್ನಿ, ನಾವು ಹಿಂದೆ ಬರುತ್ತೇವೆ ಎಂದು ಅವಳು ಒಪ್ಪಿದಳು. ನನಗೂ ನೀರು ಸಿಕ್ಕಿತು. ಹತ್ತುವವರು ಯಾರೂ ಇಲ್ಲವೇ ಎಂದು ಡ್ರೈವರು ಕೇಳಿದಾಗ ನನ್ನ ಕಾಲು ತಾನಾಗಿ ಆ ಕಡೆ ಹೋಗಿತ್ತು; ಅವರಿಬ್ಬರ ಮುಂದೆ ಮರ್ಯಾದೆ ಬಿಡಲಿಲ್ಲ. ಉಳಿದ ದಾರಿ ಮೂವರೂ ನಡೆದೆವು. ಅವರು ಒಬ್ಬರೊಂದಿಗೊಬ್ಬರು ಒಂದು ಮಾತೂ ಆಡಲಿಲ್ಲ. ಆದರೆ ಈ ಸಲ ಯಾರು ಮುಂದೆ, ಯಾರು ಹಿಂದೆ ಎನ್ನುವ ಹಾಗಿರಲಿಲ್ಲ.

ಮೈದಾನಕ್ಕೆ ಬರುವ ಹೊತ್ತಿಗೆ ಓಟ ಮುಗಿಯುವ ಗೆರೆಯ ಮೇಲಿನ ಕಮಾನು ಬಿಚ್ಚುತ್ತಿದ್ದರು. ನಮ್ಮನ್ನು ಕಂಡು ಬಿಚ್ಚುವುದನ್ನು ನಿಲ್ಲಿಸಿ, ಕಮಾನಿನ ಒಂದು ಕಾಲನ್ನು ಕೈಯಲ್ಲೇ ಎತ್ತಿ ಹಿಡಿದು ನಮ್ಮನ್ನು ಒಳಗೆ ಬಿಟ್ಟುಕೊಂಡರು. ಇಮ್ತಿಯಾಜ್ ಭಾಯ್ ಆಗಲೇ ಬಂದು, ಸ್ನಾನ ಮಾಡಿದವರ ಹಾಗೆ ಕೂದಲು ಬಾಚಿಕೊಂಡು ಮಜ್ಜಿಗೆ ಹಂಚುತ್ತಿದ್ದರು. ಮರದ ಕೆಳಗೆ ಓಡಿದವರೆಲ್ಲ ಚಿತ್ರಾನ್ನದ ತಟ್ಟೆ ಹಿಡಿದು ಸುತ್ತ ಕೂತಿದ್ದರು. ಅನುಭವ ಹಂಚಿಕೊಳ್ಳುವ ಕಾರ್ಯಕ್ರಮ. ನಾನು ಯಾವುದಕ್ಕೆ ಹೆದರಿಕೊಂಡು ಬದುಕಿದ್ದೆನೋ ಅದರ ನಡುವೆಯೇ ಹೋಗಿ ಕೂತೆ.

ಕೂತು ಕೇಳಿದ ಮೇಲೆ ನನ್ನ ಹಳೆಯ ತಕರಾರು ಸಡಿಲವಾಯಿತು. ಗೌರಿಬಿದನೂರಿನ ಹುಡುಗನೊಬ್ಬ, ನನ್ನನ್ನು ಅಂಕಲ್ ಎಂದವನೇ, ಮೈಕು ಹಿಡಿದು ತಾನು ಅರ್ಧ ದಾರಿಗೇ ಬಿಟ್ಟುಕೊಟ್ಟು ಟೊಮ್ಯಾಟೊ ತುಂಬಿದ ಟ್ರ್ಯಾಕ್ಟರಿನಲ್ಲಿ ಕೂತು ಬಂದೆ ಎಂದು ಎಲ್ಲರ ಮುಂದೆ ಹೇಳಿದ. ಗೆದ್ದವನಿಗಿಂತ ಜೋರಾಗಿ ಅವನಿಗೆ ಚಪ್ಪಾಳೆ ಬಿತ್ತು. ಹಾಗೆ ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು ಎನ್ನುವುದು ಬಿಸಿಲಿನಲ್ಲಿ ಬೆಂದು ಬಂದವರಿಗೇ ಗೊತ್ತು. ಒಬ್ಬರ ಮಂಡಿಯ ಕತೆಯನ್ನು ಇನ್ನೊಬ್ಬರು ಅಷ್ಟು ಶ್ರದ್ಧೆಯಿಂದ ಕೇಳುವುದನ್ನು ನಾನು ತರಗತಿಯಲ್ಲಂತೂ ಕಂಡಿಲ್ಲ. ತಾವು ಪಟ್ಟ ಪಾಡು ಬೇರೆಯವರೂ ಪಟ್ಟರೇ ಎಂದು ತಿಳಿದುಕೊಳ್ಳುವುದಕ್ಕೆ ಇವರು ಮಾತಾಡುತ್ತಾರೆ. ಪಡದವನಿಗೆ ಅದು ಜಂಬವಾಗಿ ಕೇಳಿಸುತ್ತದೆ, ಅಷ್ಟೇ.

ಇಮ್ತಿಯಾಜ್ ಭಾಯ್ ಮೈಕನ್ನು ಯಶೋದಮ್ಮನಿಗೆ ಕೊಟ್ಟರು. ಅಂಗನವಾಡಿಯ ಮಕ್ಕಳ ಮುಂದೆ ಬಿಟ್ಟರೆ ಎಲ್ಲೂ ಮಾತಾಡಿ ಅಭ್ಯಾಸವಿಲ್ಲ ಎಂದು ಅವರು ಹಿಂಜರಿದರು. ಬೀಪಿಯ ವಿಷಯ, ಕೆರೆ ಏರಿಯ ವಿಷಯ ಹೇಳಿದರು. ಬೆಳಿಗ್ಗೆ ಏಳಲು ಬೇಜಾರಾದ ದಿನ ಗೋಡೆಯ ಆಚೆ ಗಾಯತ್ರಿಯ ಬಾಗಿಲ ಚಿಲಕದ ಸದ್ದು ಕೇಳುತ್ತಿತ್ತಂತೆ. ಅವಳು ಎದ್ದಳಲ್ಲ ಎಂದು ತಾವೂ ಏಳುತ್ತಿದ್ದರಂತೆ. ಇವತ್ತು ಬಿದ್ದುಹೋಗುತ್ತಿದ್ದೆ, ತನ್ನ ನೀರನ್ನು ತಾನು ಕುಡಿಯದೆ ನನಗಿಟ್ಟು ಹೋದಳು ಎಂದರು. 'ನಮ್ಮ ಗಾಯತ್ರಿ' ಎಂದರು.

ಗಾಯತ್ರಿಯ ಸರದಿ ಬಂತು. ಅವಳು ಬೇಗ ಬೇಗ ಮಾತಾಡಿದಳು. ದಾಟಿಹೋಗದೆ ಹಿಂದೆಯೇ ಇದ್ದದ್ದು ಏಕೆಂದರೆ ಯಶೋದಮ್ಮನ ಓಟ ಇವತ್ತು ದಿನದ ಹಾಗಿರಲಿಲ್ಲವಂತೆ, ಎಡಗಾಲು ಎಳೆಯುತ್ತಿದ್ದರಂತೆ, ಮುಂದೆ ಹೋದರೆ ಹಿಂದೆ ಏನಾಯಿತೆಂದು ತಿಳಿಯುವುದು ಹೇಗೆ ಎಂದಳು. ಶಕ್ತಿ ಉಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ ನಾನು ತಟ್ಟೆಯ ಕಡೆ ನೋಡಿದೆ. ನೀರಿನ ವಿಷಯ ಬಂದಾಗ ಮಾತ್ರ ಅವಳು ಒಪ್ಪಲಿಲ್ಲ. "ಅಕ್ಕ ಹೇಳ್ದಂಗೇನಿಲ್ಲ. ಬಾಟ್ಲಿ ಭಾರ ಆಯ್ತು ಅಂತ ಕಲ್ಲಿನ ಮೇಲಿಟ್ಟೆ, ಮರ್ತು ಹೋದೆ." ಅಕ್ಕ ಎಂದದ್ದು ಬಾಯಿಂದ ಹೊರಟ ಮೇಲೆ ಅವಳಿಗೇ ಗೊತ್ತಾಯಿತೇನೋ, ಮೈಕನ್ನು ಥಟ್ಟನೆ ಪಕ್ಕದವರ ಕೈಗಿಟ್ಟಳು. ಯಶೋದಮ್ಮ ಎಲ್ಲಿಗೋ ನೋಡುತ್ತ ಮೆಲ್ಲಗೆ ಅಂದರು: "ಸುಳ್ಳು."

ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅವರು ಹಿಡಿಯಬೇಕಿದ್ದ ಬಸ್ಸು ಹೋಗಿತ್ತು. ಶಿಡ್ಲಘಟ್ಟದವರೆಗೆ ನಾವು ಕರೆದುಕೊಂಡು ಹೋಗುತ್ತೇವೆ, ಅಲ್ಲಿಂದ ಚಿಂತಾಮಣಿ ಕಡೆಗೆ ಬಸ್ಸುಗಳಿವೆ ಎಂದು ಇಮ್ತಿಯಾಜ್ ಭಾಯ್ ಹೇಳಿದರು. ಮುಂದೆ ನಾವಿಬ್ಬರು, ಹಿಂದೆ ಅವರಿಬ್ಬರು. ಊರು ದಾಟಿದೆವು. ನನ್ನ ಕಾಲುಗಳು ಮರದ ತುಂಡಾಗಿದ್ದರೂ ಮನಸ್ಸು ಬಹಳ ತೃಪ್ತಿಯಲ್ಲಿತ್ತು. ಒಂದು ಹಳೆಯ ಮುನಿಸು ಕಣ್ಣ ಮುಂದೆಯೇ ಕರಗಿತು, ಸೀಲು ಒಡೆಯದ ಬಾಟಲಿಯನ್ನು ಹೊತ್ತುಕೊಂಡು ಹೋದ ಪುಣ್ಯದಲ್ಲಿ ನನಗೂ ಪಾಲಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆಗ ಹಿಂದಿನಿಂದ ಯಶೋದಮ್ಮನ ಧ್ವನಿ ಬಂತು. "ಅವತ್ತು ಆರತಿಗೆ ನನ್ನ ಯಾಕೆ ಕರೀಲಿಲ್ಲ?"

ಗಾಯತ್ರಿ ಕಾದಿದ್ದವಳ ಹಾಗೆ ಉತ್ತರ ಕೊಟ್ಟಳು. ಕರೆಸಿದ್ದಳಂತೆ, ಕರೆಯಲು ಹೋದವರು ಹೇಳಲಿಲ್ಲವಂತೆ, ಅಷ್ಟಕ್ಕೂ ಮನೆಯ ಹಿರಿಯವಳನ್ನು ಕರೆಯಬೇಕೇ, ತಾನೇ ಮುಂದೆ ನಿಂತು ಮಾಡಬೇಕಲ್ಲವೇ. ಕರೆಯದೆ ಆರತಿಗೆ ಹೇಗೆ ಮುಂದೆ ಬರಲಿ ಎಂದರು ಯಶೋದಮ್ಮ. ಎಲೆ ಬಿಟ್ಟು ಎದ್ದುಹೋದದ್ದನ್ನು ಬೀಗರೆಲ್ಲ ನೋಡಿದರು, ತನ್ನ ಮಗಳು ಆ ದಿನ ಅತ್ತಳು ಎಂದಳು ಅವಳು. ಅಲ್ಲಿಂದ ಮಾತು ಏರಿತು. ಎರಡು ಮನೆಗೂ ಇದ್ದ ಕರಿಬೇವಿನ ಗಿಡ ಕಡಿದವರು ಯಾರು ಎನ್ನುವುದು ಬಂತು. ಹಬ್ಬದ ದಿನ ಕಳಿಸಿದ ಕಜ್ಜಾಯ ವಾಪಸು ಬಂದದ್ದು ಬಂತು. ಕನ್ನಡ ಸಾಲದೆ ಜಗಳ ತೆಲುಗಿಗೆ ತಿರುಗಿತು; ಆ ಕಡೆಯ ಮನೆಗಳಲ್ಲಿ ನಿಜವಾದ ಕೋಪಕ್ಕೆ ತೆಲುಗೇ ಒದಗುವುದು. ನಾನು ಗಾಬರಿಯಾಗಿ ಇಮ್ತಿಯಾಜ್ ಭಾಯ್ ಮುಖ ನೋಡಿದೆ. ನಡುವೆ ಏನಾದರೂ ಹೇಳಿ ಸಮಾಧಾನ ಮಾಡೋಣವೇ ಎಂದು ಮೆಲ್ಲಗೆ ಕೇಳಿದೆ. ಅವರು ಕಣ್ಣಲ್ಲೇ ಬೇಡವೆಂದರು.

ಶಿಡ್ಲಘಟ್ಟ ಬಂತು. ಬಸ್ ಸ್ಟ್ಯಾಂಡು ಎಡಕ್ಕಿತ್ತು. ಹಿಂದಿನವರಿಗೆ ಅದು ಕಾಣಲೂ ಇಲ್ಲ. ಇಳಿಯಿರಿ ಎನ್ನುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಇಮ್ತಿಯಾಜ್ ಭಾಯ್ ಒಂದು ಕ್ಷಣ ಬ್ರೇಕಿನ ಮೇಲೆ ಕಾಲಿಟ್ಟವರು, ತೆಗೆದು, ಗೇರು ಬದಲಿಸಿ ನೇರವಾಗಿ ಚಿಂತಾಮಣಿ ರಸ್ತೆಗೆ ಬಿಟ್ಟರು.

ಚಿಂತಾಮಣಿ ಇನ್ನೂ ದೂರವಿರುವಾಗ ಧ್ವನಿಗಳು ಸ್ವಲ್ಪ ಇಳಿದವು. ಗಾಯತ್ರಿ ಹೇಳಿದಳು: "ನಮ್ಮಮ್ಮ ಹೋದಾಗ್ಲೂ ನೀನು ಬರ್ಲಿಲ್ಲ ಅಕ್ಕ. ಬೇರೆ ಏನಾದ್ರೂ ಆಗ್ಲಿ, ಅದೊಂದು ನಂಗೆ ಮರೆಯಕ್ಕಾಗಲ್ಲ."

ಯಶೋದಮ್ಮ ಹೇಳಿದರು: "ಬಂದಿದ್ದೆ ಕಣೇ. ನಿಮ್ಮೂರಿಗೆ ಬಸ್ಸಲ್ಲಿ ಬಂದಿದ್ದೆ. ಬಾಗ್ಲಲ್ಲೇ ನಿಂತಿದ್ದೆ. ನೀನು ತಲೆ ಎತ್ತಲಿಲ್ಲ."

ನಾನು ಕಿಟಕಿಯ ಆಚೆ ನೋಡುತ್ತ ಕೂತೆ. ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ಯಾರೋ ಮೂಗು ಸೀಟಿದ ಸದ್ದು ಕೇಳಿತು, ಯಾರೆಂದು ತಿರುಗಿ ನೋಡಲಿಲ್ಲ. ಇಮ್ತಿಯಾಜ್ ಭಾಯ್ ವ್ಯಾನನ್ನು ಗುಂಡಿಗಳ ಮೇಲೆ ಬಹಳ ನಾಜೂಕಾಗಿ ಓಡಿಸಿದರು, ಒಳಗೆ ಹಸಿ ಗೂಡು ತುಂಬಿದ ಹಾಗೆ.

ಕೈವಾರದ ದಾರಿ ಬರುವ ಹೊತ್ತಿಗೆ ಅವರು ಮತ್ತೆ ಜೋರಾದರು. ಈ ಸಲ ಕಜ್ಜಾಯದ ವಿಷಯವೇ ಎರಡನೇ ಸುತ್ತು ಬಂದಿತ್ತು. ಹಳ್ಳಿಯ ಬಾಗಿಲಲ್ಲಿ ವ್ಯಾನು ನಿಂತಿತು. ಕಟ್ಟೆಯ ಮೇಲೆ ಕೂತಿದ್ದವರು, ಅಂಗಡಿಯಲ್ಲಿದ್ದವರು, ಎಲ್ಲರೂ ಎದ್ದು ನಿಂತರು. ಆ ಊರಿನವರು ವರ್ಷಗಳಿಂದ ಕಾಣದಿದ್ದ ನೋಟ ಅದು: ಇಬ್ಬರೂ ಒಂದೇ ಬಾಗಿಲಲ್ಲಿ, ಕುಂಟುತ್ತ, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ಬಾಯಿ ನಿಲ್ಲಿಸದೆ ಇಳಿದರು. ನಾಲ್ಕು ಹೆಜ್ಜೆ ಹೋದ ಮೇಲೆ ಯಶೋದಮ್ಮನಿಗೆ ನಮ್ಮ ನೆನಪಾಯಿತು. ಗಾಯತ್ರಿಯನ್ನು ಅಲ್ಲೇ ನಿಲ್ಲಿಸಿ ಹಿಂತಿರುಗಿ ನನ್ನ ಕಿಟಕಿಯ ಹತ್ತಿರ ಬಂದರು. ದಾರಿಯುದ್ದಕ್ಕೂ ನಮ್ಮ ಮುಂದೆ ಜಗಳ ಆಡಿದ್ದಕ್ಕೆ ಕ್ಷಮೆ ಕೇಳುತ್ತಾರೆ ಎಂದುಕೊಂಡು, ಪರವಾಗಿಲ್ಲಮ್ಮ ಎನ್ನಲು ನಾನು ಬಾಯಿ ತೆರೆದೆ.

"ಏನೂ ತಿಳ್ಕೋಬೇಡಿ ಸಾರ್, ದಾರೀಲಿ ನಿಮ್ಮನ್ನ ಮಾತಾಡಿಸಕ್ಕೇ ಆಗ್ಲಿಲ್ಲ," ಎಂದರು. "ನಾವಿಬ್ರು ಕೂತು ಮಾತಾಡಿ ಭಾಳ ದಿನ ಆಗಿತ್ತು."